ಮಂಡ್ಯ–ಮೈಸೂರು ಸರ್ವಿಸ್ ರಸ್ತೆಗೆ ಯಾವ ರೋಡ್‌ಸ್ಟರ್? ಹಂಟರ್ 350, ಸ್ಪೀಡ್ 400, ಯೆಜ್ಡಿ

ದಿನದ ಓಡಾಟಕ್ಕೆ ರೋಡ್‌ಸ್ಟರ್ (ಮುಂದೆ ಗಾಳಿತಡೆ ಹೊದಿಕೆ ಇಲ್ಲದ ಸಾದಾ ರಸ್ತೆ ಬೈಕ್) ಹುಡುಕಿ ನಾನು ಕೊಂಡಿದ್ದು ರಾಯಲ್ ಎನ್‌ಫೀಲ್ಡ್ ಹಂಟರ್ 350, ಅದೂ 2025ರಲ್ಲಿ ಪರಿಷ್ಕರಿಸಿದ ಮಾದರಿ. ಒಂದು ಕಬ್ಬಿನ ಸೀಸನ್ ಪೂರ್ತಿ ಓಡಿಸಿದ್ದೇನೆ. ಇವತ್ತು ಮತ್ತೆ ಕೊಳ್ಳಬೇಕೆಂದರೂ ಅದನ್ನೇ ಕೊಳ್ಳುತ್ತೇನೆ. ಎಂಜಿನಿಯರಿಂಗ್ ಲೆಕ್ಕದಲ್ಲಿ ಟ್ರಯಂಫ್ ಸ್ಪೀಡ್ 400 ಒಂದು ಕೈ ಮೇಲು ಅನ್ನೋದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಕಾರಣ ನಾನು ಓಡಾಡುವ ರಸ್ತೆ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಯಾವುದನ್ನೂ ಬಿಡುತ್ತಿಲ್ಲ. ಹಾಗಾಗಿ ನಾವೂ ಟ್ರ್ಯಾಕ್ಟರೂ ಒಂದೇ ಸರ್ವಿಸ್ ರಸ್ತೆಯ ಪಾಲು. ಕಬ್ಬು ಅರೆಯುವ ಕಾಲದಲ್ಲಿ ತೂಬಿನಕೆರೆ ಕಡೆ ಬನ್ನಿ. ಟ್ರೈಲರ್ ಎರಡೂ ಬದಿಗೆ ಉಬ್ಬಿಕೊಂಡಿರುತ್ತದೆ, ಹಿಂದಿನ ದೀಪ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ, ಬಿದ್ದ ಜಲ್ಲೆಗಳು ಚಕ್ರಕ್ಕೆ ಸಿಕ್ಕಿ ಟಾರಿನ ಮೇಲೆ ಜಜ್ಜಿಹೋಗಿರುತ್ತವೆ. ಅದರ ಹಿಂದೆ ನಿಧಾನವಾಗಿ ಹೋಗುತ್ತಾ, ಎದುರು ಖಾಲಿಯಾದ ಕ್ಷಣ ನುಗ್ಗಿ, ತಕ್ಷಣ ಮುಂದಿನ ಹಂಪ್‌ಗೆ ಬ್ರೇಕ್ ಹಿಡಿಯಬೇಕು. ದಿನವೂ ಇದೇ ಪಾಡು.

ಇಲ್ಲೇ ಎರಡು ಎಂಜಿನ್‌ಗಳ ಗುಣ ಬೇರೆಯಾಗುವುದು. ಹಂಟರ್‌ನ 349 ಸಿಸಿ ಸಿಲಿಂಡರಿನ ಅಗಲ 72 ಮಿ.ಮೀ., ಪಿಸ್ಟನ್ ಓಟ 85.8 ಮಿ.ಮೀ. ಸ್ಪೀಡ್‌ನದು ಇದಕ್ಕೆ ತಿರುಗುಮುರುಗು: ಅಗಲ 89, ಓಟ 64. ಓಟ ಚಿಕ್ಕದಾದಷ್ಟೂ ಎಂಜಿನ್ ಜೋರಾಗಿ ತಿರುಗಬಲ್ಲದು. ಅದಕ್ಕೇ ಸ್ಪೀಡ್ 8,000 ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) 40 ಪಿಎಸ್ ಪವರ್ ಕೊಡುತ್ತದೆ, ಹಂಟರ್ ಅದರ ಸುಮಾರು ಅರ್ಧ. ಆದರೆ ಹಂಟರ್‌ನ 27 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಪೂರ್ತಿ ಸಿಗುವುದು 4,000 ಆರ್‌ಪಿಎಮ್‌ಗೇ, ಸ್ಪೀಡ್‌ನ 37.5 ಎನ್‌ಎಂ ಪೂರ್ತಿ ಬೇಕಾದರೆ 6,500ಕ್ಕೆ ಹೋಗಬೇಕು. ಕಡಿಮೆ ಆರ್‌ಪಿಎಮ್‌ನಲ್ಲಿ ಸ್ಪೀಡ್‌ಗೆ ಬಲವೇ ಇಲ್ಲ ಅಂತಲ್ಲ. ಗೇರ್ ಇಳಿಸಿ, ಎಂಜಿನ್ ತಿರುಗಿಸಿ ಓಡಿಸಿದರೆ ಮಜಾ ಕೊಡುವ ಗಾಡಿ ಅದು. ನನಗೆ ಬೇಕಿದ್ದದ್ದು ಮೂರನೇ ಗೇರಿನಲ್ಲೇ ಇದ್ದು ಟ್ರ್ಯಾಕ್ಟರ್ ದಾಟಿಸುವ ಗಾಡಿ.

ಈ ವ್ಯತ್ಯಾಸ ತಿಳಿಯುವುದಕ್ಕೆ ನಾನು ಪಟ್ಟ ಪಾಡು ಹೇಳಲೇಬೇಕು. ಮೈಸೂರಿನಲ್ಲಿ ನಾನು ಹೋದ ಶೋರೂಮ್‌ಗಳಲ್ಲಿ ಟೆಸ್ಟ್ ರೈಡ್ ಅಂದರೆ ರಿಂಗ್ ರೋಡಿನಲ್ಲಿ ನೇರ ಹೋಗಿ ಯೂ ಟರ್ನ್ ಮಾಡಿ ಬರುವುದು, ಅಷ್ಟೇ. ಅಗಲವಾದ, ನುಣುಪಾದ ರಸ್ತೆ. ಅಲ್ಲಿ ಯಾವತ್ತೂ ಹೆಚ್ಚು ಪವರ್ ಇರುವ ಗಾಡಿಯೇ ಗೆಲ್ಲುತ್ತದೆ. ನಾನೂ ಇಳಿದ ಕೂಡಲೇ ಸ್ಪೀಡ್ ಕಡೆಗೇ ವಾಲಿದ್ದೆ.

ಅವ್ವನನ್ನು ಹಿಂದೆ ಕೂರಿಸಿಕೊಂಡು ನೋಡುತ್ತೇನೆ ಅಂದೆ. "ಪಿಲಿಯನ್ ಅಲೋ ಮಾಡಲ್ಲ ಸರ್, ರೂಲ್ಸ್" ಅಂದರು. ಅವ್ವ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವಳು. ಶುಕ್ರವಾರ ಬಂದರೆ ನಿಮಿಷಾಂಬ ದೇವಸ್ಥಾನಕ್ಕೆ ನಾನೇ ಕರೆದುಕೊಂಡು ಹೋಗಬೇಕು. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದಂತೆ ಗಾರ್ಡ್ ಇರಬೇಕು, ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಬರೆದಿದೆ. ಹಾಗಿದ್ದ ಮೇಲೆ ಆ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ತೋರಿಸದೆ ಎರಡು ಲಕ್ಷದ ಗಾಡಿ ಮಾರುವುದು ಯಾವ ನ್ಯಾಯ? ಈ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ. ನಮ್ಮ ಕಡೆ ಬೈಕ್ ಅಂದರೆ ಮನೆಮಂದಿಯ ಗಾಡಿ.

ಕೊನೆಗೆ ಸಹೋದ್ಯೋಗಿಯ ಸ್ಪೀಡ್, ಭಾವನ ಹಂಟರ್ ಕೇಳಿ ತಂದು ಅದೇ ಶ್ರೀರಂಗಪಟ್ಟಣದ ದಾರಿಯಲ್ಲಿ ಅವ್ವನನ್ನು ಕೂರಿಸಿಕೊಂಡು ಹೋದೆ. ಸ್ಪೀಡ್‌ನಲ್ಲಿ ಥ್ರಾಟಲ್ ತಿರುವಿದ ಕೂಡಲೇ ಅವಳ ಕೈ ನನ್ನ ಅಂಗಿ ಬಿಗಿಯಾಗಿ ಹಿಡಿಯುತ್ತಿತ್ತು. ಇಳಿದವಳೇ "ಇದು ಎಗರ್ತದೆ ಕಣ್ಲಾ, ನಂಗಾಗಕಿಲ್ಲ" ಅಂದಳು. ಹಂಟರ್‌ನಲ್ಲಿ ಇಡೀ ದಾರಿ ಅತ್ತೆ ಮನೆ ಸುದ್ದಿ ಮಾತಾಡಿಕೊಂಡು ಬಂದಳು. ನನ್ನ ಮಟ್ಟಿಗೆ ತೀರ್ಮಾನ ಅಲ್ಲೇ ಆಗಿಹೋಯಿತು.

ಯೆಜ್ಡಿ ರೋಡ್‌ಸ್ಟರ್ ಬಗ್ಗೆ ಮೈಸೂರು ಸೀಮೆಯವನಿಗೆ ಮಮತೆ ಇರದೆ ಹೋಗುತ್ತದೆಯೇ? 1961ರಿಂದ 1996ರವರೆಗೆ, ಹಳೆಯ ಜಾವಾ, ಯೆಜ್ಡಿ ಬೈಕ್‌ಗಳು ತಯಾರಾಗುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ನಮ್ಮ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ. ಆದರೆ ಈಗಿನದು ಆ ಹಳೆಯ ಗಾಡಿಯಲ್ಲ, 334 ಸಿಸಿಯ, ಲಿಕ್ವಿಡ್ ಕೂಲಿಂಗ್ ಇರುವ ಫೋರ್ ಸ್ಟ್ರೋಕ್; ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಕಾಲು ಮುಂದಕ್ಕೆ ಚಾಚಿ ಕೂರುವ ಭಂಗಿ ನನಗೆ ಒಗ್ಗಲಿಲ್ಲ.

ಬ್ರೇಕು, ಮುಂದಿನ ಸಸ್ಪೆನ್ಷನ್, ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ): ಮೂರರಲ್ಲೂ ಸ್ಪೀಡ್‌ಗೇ ಅಂಕ. ಸರ್ವಿಸ್ ಕೂಡ 16,000 ಕಿ.ಮೀ.ಗೊಮ್ಮೆ ಸಾಕು. ಹಂಟರ್‌ನ ಹೊಸ ಮಾದರಿಗೆ ಲಿವರ್ ಹಗುರಾಗಿಸುವ ಸ್ಲಿಪ್ಪರ್ ಕ್ಲಚ್ ಬಂದಿರುವುದು ನನ್ನ ಎಡಗೈಗೆ ದೊಡ್ಡ ಉಪಕಾರ. ಕಂಪನಿಯವರು ಹಿಂದಿನ ಸಸ್ಪೆನ್ಷನ್ ಸ್ಪ್ರಿಂಗ್ ಬದಲಿಸಿದ್ದು ಹಂಪ್‌ಗಳ ಮೇಲೆ ಅವ್ವನಿಗೂ ಗೊತ್ತಾಗುತ್ತದೆ.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗೆ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿಯಿತು, ಅದಕ್ಕೂ ಮೇಲಿನದಕ್ಕೆ ಶೇ 40 ಆಯಿತು. 349 ಸಿಸಿಯ ಹಂಟರ್ ಗೆರೆಯ ಈಚೆ, 398 ಸಿಸಿಯ ಸ್ಪೀಡ್ ಆಚೆ. ನನ್ನ ಸಂಬಳಕ್ಕೆ, ಈ ಕಂತಿಗೆ ಹಂಟರ್ ಸರಿಹೋಯಿತು. ಒಬ್ಬನೇ ಓಡಾಡುವವನಾಗಿದ್ದು, ರಜೆ ಸಿಕ್ಕಾಗಲೆಲ್ಲ ಹುಣಸೂರು ದಾಟಿ ಮಡಿಕೇರಿ ಘಟ್ಟ ಹತ್ತುವ ಅಭ್ಯಾಸ ಇದ್ದಿದ್ದರೆ, ಸಾಲ ಸ್ವಲ್ಪ ಜಾಸ್ತಿ ಮಾಡಿಯಾದರೂ ಸ್ಪೀಡ್ ತರುತ್ತಿದ್ದೆ.