ಹಳೇ ಸಣ್ಣ ಕಾರಿನ ತುಕ್ಕು: ಎಡಕ್ಕೊಂದು ಮದ್ದು, ಬಲಕ್ಕೊಂದು ಮದ್ದು

ಹಳೇ ಸಣ್ಣ ಕಾರು ಇಟ್ಟುಕೊಂಡವರು ಒಂದು ಕಡೆ ಸೇರಿದರೆ ಎಂಜಿನ್ ಮಾತು ಕಡಿಮೆ, ಬಾಡಿ ಮಾತೇ ಜಾಸ್ತಿ. ಹಿಂದಿನ ಚಕ್ರದ ಮೇಲೆ ಪೇಂಟ್ ಗುಳ್ಳೆ ಎದ್ದಿದೆ, ಡೋರಿನ ಕೆಳ ಅಂಚಲ್ಲಿ ಕಂದು ಗೆರೆ ಬಂದಿದೆ, ಮಳೆ ಬಂದರೆ ಮುಂದಿನ ಕಾರ್ಪೆಟ್ ಒದ್ದೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗೆ ನೀರು ನಿಂತಿದೆ, ಹೆಡ್‌ಲೈಟ್ ಹಳದಿ ತಿರುಗಿದೆ. ಕಂಪನಿ ಯಾವುದಾದರೂ ದೂರು ಹೆಚ್ಚುಕಡಿಮೆ ಇವೇ. ಸಣ್ಣ ಕಾರಿನ ಹೊರ ತಗಡು ಸುಮಾರು 0.7 ಮಿಲಿಮೀಟರ್ ದಪ್ಪ ಅಷ್ಟೇ. ಅದನ್ನು ಮಡಚಿ, ಸ್ಪಾಟ್ ವೆಲ್ಡ್ ಮಾಡಿ ಮುಚ್ಚಿದ ಪೊಳ್ಳು ಜಾಗಗಳು ಬೇಕಾದಷ್ಟಿರುತ್ತವೆ. ನೀರು ಒಳಗೆ ಹೋಗುವುದು ಸುಲಭ, ಒಣಗುವುದು ಕಷ್ಟ.

ನನ್ನದು ಹದಿನೈದು ವರ್ಷ ದಾಟಿದ ಹ್ಯಾಚ್‌ಬ್ಯಾಕ್. ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ಥರದ ತುಕ್ಕು ಇತ್ತು. ಹಾಗಾಗಿ ಎಡಕ್ಕೆ ಒಂದು ಮದ್ದು, ಬಲಕ್ಕೆ ಇನ್ನೊಂದು ಅಂತ ಹಾಕಿ ನೋಡಿದೆ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಮಳೆ. ಬೇರೆ ಬೇರೆ ಕಾರಿನವರ ಮಾತು ಕೇಳಿ ಹೋಲಿಸುವುದಕ್ಕಿಂತ ಇದನ್ನು ನಾನು ಜಾಸ್ತಿ ನಂಬುತ್ತೇನೆ. ಒಂದು ವ್ಯತ್ಯಾಸ ಮಾತ್ರ ಇದೆ: ರಸ್ತೆ ಅಂಚಿಗೆ ಬರುವ ಬದಿಗೆ ಕೆಸರು ನೀರು ಜಾಸ್ತಿ ಹಾರುತ್ತದೆ. ಅದಕ್ಕೇ ನನಗೆ ಹೆಚ್ಚು ಭರವಸೆ ಇದ್ದ ಮದ್ದನ್ನು ಬೇಕಂತಲೇ ಆ ಬದಿಗೆ ಹಾಕಿದೆ. ಗೆಲ್ಲುವುದಾದರೆ ಕಷ್ಟದ ಕಡೆಯೇ ಗೆಲ್ಲಲಿ ಅಂತ.

ಮೊದಲು ನೀರು ನಿಲ್ಲಿಸಿ

ಯಾವ ಮದ್ದು ಹಾಕುವುದಕ್ಕೂ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ಇದನ್ನು ಬಿಟ್ಟು ಬರೀ ಪೇಂಟಿಗೆ ಕೈ ಹಾಕಿದರೆ ದುಡ್ಡು ದಂಡ.

ವೈಪರ್ ಕೆಳಗೆ, ಬಾನೆಟ್ ಮತ್ತು ಗಾಜಿನ ನಡುವೆ ಒಂದು ಕಾಲುವೆ ಇರುತ್ತದೆ. ಅದರ ಎರಡು ತುದಿಯಲ್ಲೂ ನೀರು ಇಳಿಯುವ ದಾರಿ ಇದೆ. ಎಲೆ, ಧೂಳು ತುಂಬಿ ಆ ದಾರಿ ಕಟ್ಟಿದರೆ ನೀರು ಏರಿ, ಗಾಳಿ ಒಳಬರುವ ಕಿಂಡಿಯ ಮೂಲಕ ಕ್ಯಾಬಿನ್ ಸೇರುತ್ತದೆ. ಮುಂದಿನ ಕಾರ್ಪೆಟ್ ಒದ್ದೆಯಾದರೆ ಮೊದಲು ನೋಡಬೇಕಾದ ಜಾಗ ಇದು. ಮಳೆಯೇ ಇಲ್ಲದ ದಿನ ಒದ್ದೆಯಾದರೆ ಏಸಿ ನೀರು ಹೊರಗೆ ಬಿಡುವ ಪೈಪ್ ಕಟ್ಟಿದೆಯಾ ನೋಡಿ. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಎಂಜಿನ್ ತಂಪು ಮಾಡುವ ಕೂಲಂಟ್, ಕ್ಯಾಬಿನ್ ಬಿಸಿ ಮಾಡುವ ಹೀಟರ್ ಕೋರ್ ಸೋರುತ್ತಿದೆ ಅಂತ ಅರ್ಥ. ಡಿಕ್ಕಿಯ ನೀರಿಗೆ ಹೆಚ್ಚಾಗಿ ಕಾರಣ ಹಿಂದಿನ ದೀಪದ ಸುತ್ತ ಗಟ್ಟಿಯಾಗಿ ಹೋದ ಗ್ಯಾಸ್ಕೆಟ್, ಅಂದರೆ ನೀರು ತಡೆಯುವ ರಬ್ಬರ್ ಪಟ್ಟಿ.

ಡೋರಿನ ವಿಷಯ ಸ್ವಲ್ಪ ಬೇರೆ. ಗಾಜಿನ ಪಕ್ಕದ ರಬ್ಬರ್ ಸಂದಿಯಿಂದ ನೀರು ಡೋರಿನ ಒಳಕ್ಕೆ ಇಳಿಯುವುದು ದೋಷ ಅಲ್ಲವೇ ಅಲ್ಲ, ಎಲ್ಲ ಕಾರಲ್ಲೂ ಇಳಿಯುತ್ತದೆ. ಡೋರಿನ ಅಡಿಯ ತೂತುಗಳಿಂದ ಅದು ಹೊರಗೆ ಹೋಗಬೇಕು ಅಷ್ಟೇ. ನನ್ನ ಕಾರಲ್ಲಿ ಆ ತೂತುಗಳು ಮಣ್ಣು ಕಟ್ಟಿ ಮುಚ್ಚಿಹೋಗಿದ್ದವು. ಒಂದು ಪ್ಲಾಸ್ಟಿಕ್ ಟೈ ತೂರಿಸಿ ಆಡಿಸಿದಾಗ ಕಪ್ಪು ನೀರು ಸುರಿಯಿತು, ಅದರ ಹಿಂದೆಯೇ ತುಕ್ಕಿನ ಸಿಪ್ಪೆಗಳು ಬಂದವು. ಈ ಕೆಲಸಕ್ಕೆ ಕಬ್ಬಿಣದ ತಂತಿ ಬೇಡ, ಒಳಗಿನ ಪೇಂಟ್ ಗೀರುತ್ತದೆ.

ಡೋರಿನ ಅಂಚು: ರಸ್ಟ್ ಕನ್ವರ್ಟರೋ, ಉಜ್ಜಿ ಎಪಾಕ್ಸಿ ಪ್ರೈಮರೋ

ರಸ್ಟ್ ಕನ್ವರ್ಟರ್ ಅಂದರೆ ತುಕ್ಕಿನ ಮೇಲೆ ನೇರವಾಗಿ ಬಳಿಯುವ ದ್ರವ. ಇದರಲ್ಲಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ, ಕೆಲವದರಲ್ಲಿ ಎರಡೂ. ಟ್ಯಾನಿಕ್ ಆಮ್ಲ ಕೆಂಪು ತುಕ್ಕನ್ನು ನೀಲಿಗಪ್ಪು ಪದರವಾಗಿ ಮಾರ್ಪಡಿಸುತ್ತದೆ. ಬಳಿದ ಸ್ವಲ್ಪ ಹೊತ್ತಿಗೆ ಬಣ್ಣ ಕಪ್ಪಾಗುವುದು ಕಣ್ಣೆದುರೇ ಕಾಣುತ್ತದೆ. ಕೆಲಸ ಮುಗಿದೇ ಹೋಯಿತು ಅನ್ನಿಸುವುದೂ ಆಗಲೇ.

ಬಲ ಡೋರಿಗೆ ಇದನ್ನು ಹಾಕಿದೆ. ಸಡಿಲ ತುಕ್ಕನ್ನು ವೈರ್ ಬ್ರಶ್‌ನಿಂದ ತೆಗೆದು, ಕನ್ವರ್ಟರ್ ಬಳಿದು, ಪೂರ್ತಿ ಒಣಗಿದ ಮೇಲೆ ಪ್ರೈಮರ್, ಪೇಂಟ್. ಎಡ ಡೋರಿಗೆ ಜಾಸ್ತಿ ಕೆಲಸ. ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಎರಡು ಕೋಟ್ ಎಪಾಕ್ಸಿ ಪ್ರೈಮರ್ (ತಗಡಿಗೆ ಗಟ್ಟಿಯಾಗಿ ಅಂಟಿ ನೀರು ತಡೆಯುವ ತಳಪದರ) ಹಾಕಿ ಆಮೇಲೆ ಪೇಂಟ್. ಜೊತೆಗೆ ಡೋರ್ ಪ್ಯಾಡ್ ಬಿಚ್ಚಿ, ಒಳಗಿನಿಂದ ಕೆಳ ಮಡಿಕೆಗೆ ಮೇಣ ಸ್ಪ್ರೇ ಮಾಡಿದೆ.

ಒಂದು ಮಳೆಗಾಲ ಕಳೆಯಿತು. ಸಪಾಟಾದ ಜಾಗದಲ್ಲಿ ಎರಡು ಡೋರಿಗೂ ವ್ಯತ್ಯಾಸವೇ ಇಲ್ಲ. ಆದರೆ ಬಲ ಡೋರಿನ ಕೆಳ ಮಡಿಕೆಯ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಎಡ ಡೋರು ಹಾಗೇ ಇತ್ತು. ಕಾರಣ ಮಡಿಕೆಯಲ್ಲಿದೆ. ಡೋರಿನ ಹೊರ ತಗಡನ್ನು ಒಳ ತಗಡಿನ ಅಂಚಿನ ಸುತ್ತ ಮಡಚಿ ಒತ್ತಿರುತ್ತಾರೆ. ತುಕ್ಕು ಹುಟ್ಟುವುದು ಆ ಎರಡು ತಗಡಿನ ಸಂದಿಯಲ್ಲಿ. ಹೊರಗಿನಿಂದ ಬಳಿದ ಕನ್ವರ್ಟರ್ ಅಲ್ಲಿಗೆ ಮುಟ್ಟುವುದೇ ಇಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಡುತ್ತದೆ, ಹಾಗಾಗಿ ಪೇಂಟನ್ನು ಒಳಗಿನಿಂದ ತಳ್ಳುತ್ತದೆ.

ಗೆದ್ದದ್ದು ಎಪಾಕ್ಸಿಯಾ, ಮೇಣವಾ ಅಂತ ನನಗೆ ಅನುಮಾನ ಬಂತು. ಅದಕ್ಕೆ ಬಲ ಡೋರಿನ ಪ್ಯಾಡನ್ನೂ ಬಿಚ್ಚಿ ಒಳಗೆ ಮೇಣ ಹೊಡೆದೆ, ಹೊರಗೆ ಏನೂ ಮುಟ್ಟಲಿಲ್ಲ. ಇದ್ದ ಗುಳ್ಳೆ ಹೋಗಲಿಲ್ಲ. ಆದರೆ ಹೊಸದು ಏಳುವುದು ಹೆಚ್ಚುಕಡಿಮೆ ನಿಂತಿತು. ಹಾಗಾಗಿ ನನ್ನ ಲೆಕ್ಕದಲ್ಲಿ ಹೊರಗಿನ ಮದ್ದು ಯಾವುದು ಅನ್ನುವುದಕ್ಕಿಂತ ತಗಡಿನ ಹಿಂಬದಿಗೆ ಏನು ಮುಟ್ಟಿತು ಅನ್ನುವುದೇ ದೊಡ್ಡದು. ಈ ಮಾತು ಮುಂದಿನ ತುಕ್ಕಿನ ಹೋಲಿಕೆಗಳಲ್ಲೂ ಮತ್ತೆ ಮತ್ತೆ ನಿಜವಾಯಿತು.

ಕನ್ವರ್ಟರ್ ವೇಸ್ಟ್ ಅಂತ ಹೇಳುತ್ತಿಲ್ಲ. ಬ್ಯಾಟರಿ ಟ್ರೇ, ಸೀಟ್ ಬ್ರಾಕೆಟ್, ಡಿಕ್ಕಿಯ ತಳದಂತಹ ತೆರೆದ ಜಾಗದಲ್ಲಿ, ಎರಡು ಬದಿಗೂ ಕೈ ಹೋಗುವ ಕಡೆ, ತೆಳು ತುಕ್ಕಿಗೆ ಅದು ಚೆನ್ನಾಗಿದೆ. ದಪ್ಪ ಪದರದ ತುಕ್ಕಿಗೆ ಮೇಲ್ಮೈ ಮಾತ್ರ ಕಪ್ಪಾಗುತ್ತದೆ, ಅಡಿಯಲ್ಲಿ ಕೆಂಪು ಹಾಗೇ ಉಳಿಯುತ್ತದೆ. ಉಗುರಲ್ಲಿ ಕೆರೆದು ನೋಡಿ, ಗೊತ್ತಾಗುತ್ತದೆ.

ಹಿಂದಿನ ಚಕ್ರದ ಕಮಾನು: ಪುಟ್ಟಿಯೋ, ವೆಲ್ಡಿಂಗೋ

ಇಲ್ಲಿ ನನಗೆ ಸಂಶಯವೇ ಉಳಿದಿಲ್ಲ.

ಎರಡೂ ಕಮಾನಿನಲ್ಲಿ ತೂತು ಬಿದ್ದಿತ್ತು. ಹೊರಗೆ ಕಾಣುತ್ತಿದ್ದದ್ದು ಚಿಕ್ಕದು. ಸ್ಕ್ರೂಡ್ರೈವರ್ ಹಿಡಿಯಿಂದ ಸುತ್ತ ತಟ್ಟುತ್ತಾ ಹೋದರೆ ಗಟ್ಟಿ ತಗಡು ಟಣ್ ಅನ್ನುತ್ತಿತ್ತು, ತಿಂದು ಹೋದ ಕಡೆ ಮಂದವಾಗಿ ಡಬ್ ಅನ್ನುತ್ತಿತ್ತು. ಹಾಗೆ ತಟ್ಟಿ ಗುರುತು ಹಾಕಿದಾಗ ಕೆಟ್ಟ ಜಾಗ ಕಾಣುವ ತೂತಿಗಿಂತ ಎಷ್ಟೋ ದೊಡ್ಡದು ಅಂತ ಗೊತ್ತಾಯಿತು.

ಬಲಗಡೆ ಟಿಂಕರಿಂಗ್ ಕೆಲಸದವರು ತೂತಿನ ಹಿಂದೆ ಜಾಲರಿ ಇಟ್ಟು, ಪುಟ್ಟಿ ತುಂಬಿ, ಉಜ್ಜಿ, ಪೇಂಟ್ ಮಾಡಿಕೊಟ್ಟರು. ಬೇಗ ಆಯಿತು, ಖರ್ಚು ಕಡಿಮೆ, ನೋಡಲೂ ಬಹಳ ಚೆನ್ನಾಗಿತ್ತು. ಎಡಗಡೆ ಕೆಟ್ಟ ತಗಡನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತುಂಡು ಬೆಸೆದರು. ಅದಕ್ಕೆ ಸೀಟು, ಒಳ ಪ್ಯಾಡ್, ಕಾರ್ಪೆಟ್ ಎಲ್ಲ ಬಿಚ್ಚಬೇಕಾಯಿತು. ಬ್ಯಾಟರಿ ಟರ್ಮಿನಲ್ ತೆಗೆದಿಡಬೇಕು. ತಗಡು ತೆಳುವಾದ್ದರಿಂದ ಒಂದೇ ಸಮ ಬೆಸೆದರೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಲು ಬಿಟ್ಟು ಮತ್ತೆ ಅಂತ ತಾಳ್ಮೆಯಿಂದ ಮಾಡುವ ಕೆಲಸ ಅದು. ಅದನ್ನು ಮಾಡಿದ ಟಿಂಕರ್ ಕೈಚಳಕಕ್ಕೆ ನನ್ನ ಗೌರವ ಇದೆ.

ಪುಟ್ಟಿ ಕಡೆ ಮೊದಲು ಕಂಡದ್ದು ಕೂದಲೆಳೆಯಷ್ಟು ಒಂದು ಗೆರೆ, ಪುಟ್ಟಿ ಮತ್ತು ತಗಡು ಕೂಡುವ ಜಾಗದಲ್ಲಿ. ಆಮೇಲೆ ಆ ಗೆರೆ ಕಂದಾಯಿತು. ಆಮೇಲೆ ಅಂಚು ಎದ್ದಿತು. ಸಾಮಾನ್ಯ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ಹೊರಗೆ ಪೇಂಟ್ ಇದ್ದರೂ ಒಳಗಡೆಯಿಂದ ಕೆಸರು ನೀರು ಸದಾ ತಾಗುತ್ತಿದ್ದರೆ ಅದು ನೆನೆದು ತಗಡಿಗೆ ಒದ್ದೆ ಬಟ್ಟೆ ಸುತ್ತಿದ ಹಾಗಾಗುತ್ತದೆ. ಪುಟ್ಟಿ ಇರುವುದು ಗಟ್ಟಿ ತಗಡಿನ ಮೇಲಿನ ಸಣ್ಣ ತಗ್ಗು ತುಂಬುವುದಕ್ಕೆ, ಅದೂ 3 ಮಿಲಿಮೀಟರ್ ಒಳಗೆ. ತೂತು ಮುಚ್ಚುವುದಕ್ಕೆ ಅಲ್ಲ. ಫೈಬರ್ ಎಳೆ ಇರುವ ಪುಟ್ಟಿ ನೀರನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಆದರೆ ಸುತ್ತಲಿನ ತಗಡು ಕೊಳೆಯುವುದನ್ನು ಅದೂ ನಿಲ್ಲಿಸುವುದಿಲ್ಲ.

ವೆಲ್ಡಿಂಗ್ ಕಡೆ ಈಗಲೂ ನೆಟ್ಟಗಿದೆ. ಒಂದು ಎಚ್ಚರಿಕೆ ಹೇಳಲೇಬೇಕು. ಬೆಸೆಯುವ ಶಾಖಕ್ಕೆ ಹಿಂಬದಿಯ ಪೇಂಟ್ ಸುಟ್ಟು ಹೋಗಿ ಬರೀ ಕಬ್ಬಿಣ ಉಳಿಯುತ್ತದೆ. ಆ ಹಿಂಬದಿಗೆ ಪ್ರೈಮರ್, ಮೇಣ ಮುಟ್ಟಿಸದಿದ್ದರೆ ಹೊಸ ತುಂಡು ಹಳೇದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಇದನ್ನು ಕೇಳಿ ಮಾಡಿಸಿಕೊಳ್ಳಿ. ಸುಮ್ನೆ ಬಿಟ್ಟರೆ ಯಾರೂ ಮಾಡುವುದಿಲ್ಲ.

ಡೋರಿನ ಕೆಳಗಿನ ಉದ್ದನೆಯ ಬಾಕ್ಸ್, ಅಂದರೆ ಜಾಕ್ ಕೊಡುವ ಭಾಗ, ಒತ್ತಿದರೆ ಕುಸಿಯುತ್ತಿದೆ ಅಂದರೆ ಈ ಹೋಲಿಕೆಗೆ ಅರ್ಥವೇ ಇಲ್ಲ. ಅಲ್ಲಿ ವೆಲ್ಡಿಂಗ್ ಒಂದೇ ದಾರಿ. ಕಾರಿನ ಗಟ್ಟಿತನಕ್ಕೆ ಆ ಬಾಕ್ಸ್ ಮುಖ್ಯ ಆಧಾರ, ಅಪಘಾತವಾದಾಗ ಒಳಗಿದ್ದವರನ್ನು ಕಾಯುವ ಭಾಗಗಳಲ್ಲಿ ಅದೂ ಒಂದು. ಹಳೇ ಕಾರು ಕೊಳ್ಳುವವರು ಒಂದು ಸಣ್ಣ ಆಯಸ್ಕಾಂತ ಜೇಬಲ್ಲಿ ಇಟ್ಟುಕೊಂಡು ಹೋಗಿ. ದಪ್ಪ ಪುಟ್ಟಿ ಇರುವ ಕಡೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಅಡಿಭಾಗ: ಕಪ್ಪು ರಬ್ಬರ್ ಕೋಟಿಂಗೋ, ಮೇಣವೋ

ಜನ ಹೆಚ್ಚು ಜಗಳ ಆಡುವುದು ಇದರ ಮೇಲೆ. ಬಲ ಅರ್ಧಕ್ಕೆ ಕಪ್ಪು ರಬ್ಬರ್ ಕೋಟಿಂಗ್ ಮಾಡಿಸಿದೆ. ಎಡ ಅರ್ಧಕ್ಕೆ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡುವ ಲ್ಯಾನೊಲಿನ್ ಮೇಣ ನಾನೇ ಹೊಡೆದೆ, ಬಾಕ್ಸಿನ ಒಳಕ್ಕೂ ಉದ್ದ ಪೈಪಿನ ನಾಝಲ್ ತೂರಿಸಿ. ಎರಡಕ್ಕೂ ಮುಂಚೆ ತೊಳೆದು, ಒಣಗಿಸಿ, ಸಡಿಲ ತುಕ್ಕು ತೆಗೆದಿತ್ತು.

ಮೊದಲ ನೋಟಕ್ಕೆ ರಬ್ಬರ್ ಕೋಟಿಂಗೇ ಮೇಲು. ಒಂದೇ ಸಮ ಕಪ್ಪು, ಕೈಗೆ ಅಂಟುವುದಿಲ್ಲ, ಜಲ್ಲಿ ಹಾರಿ ಬಡಿಯುವ ಸದ್ದು ಸ್ಪಷ್ಟವಾಗಿ ಕಡಿಮೆಯಾಯಿತು. ಮೇಣದ ಕಡೆ ಅಂಟಂಟು, ಧೂಳು ಮೆತ್ತಿಕೊಳ್ಳುತ್ತದೆ, ಮೊದಮೊದಲು ಬಿಸಿಲಿಗೆ ಉಣ್ಣೆ ವಾಸನೆ ಬರುತ್ತದೆ. ಸೈಲೆನ್ಸರ್, ಬ್ರೇಕ್ ಡಿಸ್ಕ್ ಮೇಲೆ ಬೀಳದ ಹಾಗೆ ಮುಚ್ಚಿ ಹೊಡೆಯಬೇಕು.

ಮಳೆಗಾಲ ಮುಗಿದ ಮೇಲೆ ಲಿಫ್ಟ್ ಮೇಲೆ ಹತ್ತಿಸಿ ನೋಡಿದೆ. ರಬ್ಬರ್ ಕೋಟಿಂಗ್ ಬಹುತೇಕ ಕಡೆ ಗಟ್ಟಿಯಾಗೇ ಇತ್ತು. ಆದರೆ ಒಂದು ಹಳೇ ಜೋಡಣೆಯ ಹತ್ತಿರ ಸಣ್ಣ ಬಿರುಕು. ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದೆ. ಅಂಗೈ ಅಗಲದ ಪದರ ಒಂದೇ ತುಂಡಾಗಿ ಎದ್ದು ಬಂತು, ಹಿಂದಿನಿಂದ ಕಂದು ನೀರು ತೊಟ್ಟಿಕ್ಕಿತು. ಪದರದ ಒಳಮೈಗೆ ತುಕ್ಕಿನ ಪುಡಿ ಮೆತ್ತಿತ್ತು. ಗಟ್ಟಿ ಪದರ ಬಿರುಕು ಬಿಟ್ಟರೆ ನೀರನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಅದು ಕೊಳೆಯುವುದನ್ನು ಕಣ್ಣಿಗೆ ಕಾಣದಂತೆ ಮುಚ್ಚಿಡುತ್ತದೆ.

ಮೇಣದ ಕಡೆ ಬಾಕ್ಸಿನ ಒಳಗೂ ಜೋಡಣೆಗಳಲ್ಲೂ ಜಿಡ್ಡು ಹಾಗೇ ಇತ್ತು. ಇದು ಪೂರ್ತಿ ಒಣಗುವುದಿಲ್ಲ, ಸಂದಿಯೊಳಕ್ಕೆ ನಿಧಾನಕ್ಕೆ ಹರಿಯುತ್ತದೆ. ಸಣ್ಣ ಗೀರು ಬಿದ್ದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಸೋತದ್ದು ಒಂದೇ ಕಡೆ: ಚಕ್ರದ ಹಿಂದೆ ನೇರವಾಗಿ ನೀರು, ಜಲ್ಲಿ ಹೊಡೆಯುವ ಜಾಗದಲ್ಲಿ ಅದು ತೊಳೆದು ಹೋಗಿತ್ತು. ಅಲ್ಲಿ ರಬ್ಬರ್ ಕೋಟಿಂಗ್ ಚೆನ್ನಾಗಿ ನಿಂತಿತ್ತು, ಒಪ್ಪಬೇಕು.

ಹಾಗಾಗಿ ಈಗ ನಾನು ಮಾಡುತ್ತಿರುವುದು ಹೀಗೆ. ಚಕ್ರದ ಮೇಲ್ಭಾಗದಲ್ಲಿ, ತುಕ್ಕು ಪೂರ್ತಿ ತೆಗೆದು ಎಪಾಕ್ಸಿ ಹಾಕಿದ ತಗಡಿನ ಮೇಲೆ ಮಾತ್ರ ರಬ್ಬರ್ ಕೋಟಿಂಗ್. ಉಳಿದ ಅಡಿಭಾಗ, ಬಾಕ್ಸಿನ ಒಳಗೆ, ಡೋರಿನ ಒಳಗೆ ಎಲ್ಲ ಮೇಣ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ. ಪ್ರತಿ ವರ್ಷ ಇಷ್ಟು ಮಾಡುವುದು ಕಿರಿಕಿರಿ ಅನ್ನುವವರಿಗೆ ಮೇಣ ಹಿಡಿಸುವುದಿಲ್ಲ. ಆದರೆ ಹಳೇ ತುಕ್ಕಿನ ಮೇಲೆ ಒಂದು ಸಲ ಕಪ್ಪು ಬಳಿಸಿ ಮರೆತುಬಿಡಬಹುದು ಅನ್ನುವ ಮಾತನ್ನು ಮಾತ್ರ ಯಾರೂ ನಂಬಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಹೆಡ್‌ಲೈಟ್: ಟೂತ್‌ಪೇಸ್ಟೋ, ವಾಟರ್ ಪೇಪರೋ

ಇದು ಬೇಗ ಮುಗಿಯುವ ಮಾತು. ಹೆಡ್‌ಲೈಟಿನ ಮುಂಭಾಗ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಒಂದು ಗಟ್ಟಿ ಲೇಪ ಇರುತ್ತದೆ. ಹಳದಿ ಆಗುವುದು ಆ ಲೇಪ ಕೆಟ್ಟು ಹೋದಾಗ.

ಬಲ ದೀಪಕ್ಕೆ ಟೂತ್‌ಪೇಸ್ಟ್ ಹಾಕಿ ಉಜ್ಜಿದೆ. ಅವತ್ತು ನಿಜಕ್ಕೂ ಹೊಳೆಯಿತು, ಸ್ವಲ್ಪ ದಿನಕ್ಕೇ ಮತ್ತೆ ಮಂಕು. ಎಡ ದೀಪಕ್ಕೆ 800, 1500, 2000, 3000 ನಂಬರಿನ ವಾಟರ್ ಪೇಪರ್ ಒಂದಾದ ಮೇಲೊಂದು ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಹಾಕಿದೆ. ಅದು ಇನ್ನೂ ತಿಳಿಯಾಗಿದೆ. ಕ್ಲಿಯರ್ ಕೋಟ್ ಬಿಟ್ಟು ಬರೀ ಉಜ್ಜಿದರೆ ಹಳೇ ಲೇಪ ಪೂರ್ತಿ ಹೋಗಿ ಮೊದಲಿಗಿಂತ ಬೇಗ ಹಳದಿ ಆಗುತ್ತದೆ. ಮಂಕು ಪ್ಲಾಸ್ಟಿಕ್ಕಿನ ಒಳಮೈಯಲ್ಲಿದ್ದರೆ, ಅಥವಾ ಬಲ್ಬ್ ಹಿಂದಿನ ಹೊಳಪು ಪದರವೇ ಸುಟ್ಟಿದ್ದರೆ, ಹೊರಗೆ ಎಷ್ಟು ಉಜ್ಜಿದರೂ ಬೆಳಕು ಹೆಚ್ಚುವುದಿಲ್ಲ. ಆಗ ದೀಪವನ್ನೇ ಬದಲಾಯಿಸಿ, ಎರಡನ್ನೂ ಒಟ್ಟಿಗೆ.