ಹದಿನಾಲ್ಕು ವರ್ಷ ಓಡಿಸಿದ ಲೆಕ್ಸಸ್ ಎಸ್‌ಸಿ 400 ಮತ್ತು ಅದನ್ನು ಮಾರಿದ ಅನುಭವ

ನನ್ನ 1995ರ ಲೆಕ್ಸಸ್ ಎಸ್‌ಸಿ 400 ಕಾರನ್ನು ಮಾರಿ ಒಂದು ತಿಂಗಳಾಯಿತು. 2010ರಲ್ಲಿ, 88,000 ಮೈಲಿ ಓಡಿದ್ದಾಗ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಎರಡನೆಯ ಮಾಲೀಕನಾಗಿ ಕೊಂಡೆ. 1,61,000 ಮೈಲಿ ಆಗುವವರೆಗೂ ನಾನೊಬ್ಬನೇ ಓಡಿಸಿದೆ. ಇದರ ನಾಲ್ಕು ಲೀಟರಿನ ವಿ8 ಎಂಜಿನ್ ಎಷ್ಟು ಗಟ್ಟಿಯದು ಎಂಬುದನ್ನು ಬಲ್ಲವರು ಬಲ್ಲರು, ಆ ಮಾತು ಬೇಡ. ನನ್ನನ್ನು ಇಷ್ಟು ವರ್ಷ ಇದಕ್ಕೆ ಕಟ್ಟಿಹಾಕಿದ್ದು ಇದರ ಬಾಗಿಲು.

ಎರಡೇ ಬಾಗಿಲಿನ ಕಾರಾದ್ದರಿಂದ ಒಂದೊಂದೂ ಉದ್ದ, ಭಾರ. ಸಾಮಾನ್ಯ ಕೀಲಿನ ಬಾಗಿಲಾಗಿದ್ದರೆ ನಮ್ಮ ಅಪಾರ್ಟ್‌ಮೆಂಟಿನ ಕಂಬಗಳ ನಡುವೆ ಅರ್ಧ ತೆರೆಯುವುದೂ ಕಷ್ಟವಿತ್ತು. ಇದರ ಕೀಲು ಒಂದೇ ಕಡೆ ತಿರುಗದೆ ಹಲವು ತೋಳುಗಳ ಮೇಲೆ ಚಲಿಸುವುದರಿಂದ, ಬಾಗಿಲು ಹೊರಕ್ಕೆ ಸರಿಯುತ್ತಲೇ ಮುಂದಕ್ಕೂ ಜರುಗಿ, ಇಕ್ಕಟ್ಟಿನಲ್ಲಿಯೂ ಇಳಿಯಲು ಜಾಗ ಬಿಡುತ್ತದೆ. ಯುಗಾದಿಗೂ ದೀಪಾವಳಿಗೂ ಮುಂಚಿನ ಶನಿವಾರಗಳಂದು ಆ ತೋಳುಗಳ ಮೇಲಿನ ಕಪ್ಪಾದ ಗ್ರೀಸನ್ನು ಹಳೆಯ ಪಂಚೆಯ ಚೂರಿನಿಂದ ಒರೆಸಿ ಹೊಸದನ್ನು ಹಚ್ಚುತ್ತಿದ್ದೆ. ಮಾರುವ ದಿನದವರೆಗೂ ಬಾಗಿಲು ಜೋತುಬೀಳಲಿಲ್ಲ. ಕಾರು ತೊಳೆಯುವುದೂ ಒಂದು ಸುಖವೇ. ಇದರ ರೂಪ ಮೂಡಿದ್ದು ಲೆಕ್ಸಸ್‌ನ ಒಡೆಯ ಟೊಯೊಟಾದ ಕ್ಯಾಲಿಫೋರ್ನಿಯಾ ವಿನ್ಯಾಸ ಕೇಂದ್ರವಾದ ಕ್ಯಾಲ್ಟಿಯಲ್ಲಿ. ಬಲೂನುಗಳಿಗೆ ಪ್ಲಾಸ್ಟರ್ ತುಂಬಿ, ಗಟ್ಟಿಯಾದ ಉಬ್ಬುಗಳಿಂದ ಆಕಾರ ಹುಡುಕಿದರಂತೆ. ಒದ್ದೆ ಬಟ್ಟೆ ಹಿಡಿದು ಬಾನೆಟ್ಟಿನಿಂದ ಹಿಂಬದಿಯವರೆಗೆ ಒರೆಸುತ್ತ ಹೋದರೆ ಕೈಗೆ ಎಲ್ಲಿಯೂ ಮೂಲೆ ತಗಲುವುದಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಎಂಜಿನ್ನಿನ ಕೆಳಗೆ ನೆಲದ ಮೇಲೆ ಒಂದು ದೊಡ್ಡ ರಟ್ಟು ಹಾಸಿರುತ್ತಿದ್ದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಅದನ್ನು ಎಳೆದು ನೋಡುವುದು, ಹೊಸ ಹನಿ ಬಿದ್ದಿದ್ದರೆ ಪೆನ್ನಿನಿಂದ ಸುತ್ತು ಹಾಕಿ ಪಕ್ಕದಲ್ಲಿ ತಾರೀಖು ಬರೆಯುವುದು. 2016ರಲ್ಲಿ ಕೆಂಪು ಹನಿಗಳು ಕಾಣಿಸಿಕೊಂಡವು. ಇಪ್ಪತ್ತು ವರ್ಷ ದಾಟಿದ ರಬ್ಬರ್ ಸೀಲುಗಳು ಗಡುಸಾಗಿ, ಪವರ್ ಸ್ಟೀರಿಂಗ್ ಪಂಪಿನಿಂದ ಎಣ್ಣೆ ಜಿನುಗುತ್ತಿತ್ತು. ಪಂಪಿನ ನೇರ ಕೆಳಗೆ, ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್ ಇರುವುದರಿಂದ ಆ ಎಣ್ಣೆಯೆಲ್ಲ ಅದರ ಮೇಲೆಯೇ ಇಳಿದು ಅದನ್ನೂ ಕೆಡಿಸಿತು. ನಾನು ನಂಬಿದ್ದ ಗ್ಯಾರೇಜಿನವರು ಒಂದೂವರೆ ವರ್ಷದಲ್ಲಿ ಎರಡು ಬಾರಿ ಆಲ್ಟರ್ನೇಟರ್ ಬದಲಿಸಿ ಎರಡು ಬಾರಿಯೂ ಹಣ ಪಡೆದರೇ ಹೊರತು, ಅದು ಏಕೆ ಕೆಡುತ್ತಿದೆ ಎಂದು ತಲೆಯೆತ್ತಿ ಮೇಲೆ ನೋಡಲಿಲ್ಲ. ಕೊನೆಗೆ ರಟ್ಟಿನ ಮೇಲಿನ ತಾರೀಖುಗಳನ್ನು ಬಿಲ್ಲುಗಳ ಜೊತೆ ಹೊಂದಿಸಿ ನೋಡಿದಾಗ ನನಗೇ ಕಾರಣ ಹೊಳೆಯಿತು. ಬೇರೊಬ್ಬ ಮೆಕ್ಯಾನಿಕ್‌ನಿಂದ ಪಂಪಿನ ಸೀಲುಗಳನ್ನು ಬದಲಿಸಿ, ಎಣ್ಣೆಯ ಡಬ್ಬಿಯೊಳಗಿನ ಜಾಲರಿಯನ್ನು ತೊಳೆಸಿದ ಮೇಲೆ ರಟ್ಟು ಒಣಗಿಯೇ ಉಳಿಯಿತು. ಹಳೆಯ ಎಸ್‌ಸಿ ಕೊಳ್ಳುವವರು ಮೊದಲು ಈ ಪಂಪಿನ ಸುತ್ತ ಬೆರಳಾಡಿಸಿ ನೋಡಬೇಕು.

ಮಾರಲು ಕಾರಣ ಕಾರಲ್ಲ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದು ಆರು ತಿಂಗಳು ನಮ್ಮ ಜೊತೆ ಇರತೊಡಗಿದರು. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ, ಅಷ್ಟು ತಗ್ಗಿನ ಸೀಟಿನಿಂದ ಏಳಲು ಅಪ್ಪನಿಗೆ ಆಗುತ್ತಿರಲಿಲ್ಲ. "ಹತ್ತೋದು ಹೇಗೋ ಆಗತ್ತೆ, ಇಳಿಯೋಕೆ ನಿನ್ನ ಕೈ ಬೇಕು ಕಣೋ" ಎಂದರು. ಹಿಂದಿನ ಸೀಟು ಮಕ್ಕಳಿಗಷ್ಟೇ ಸರಿ. ಎರಡು ಕಾರು ಸಾಕುವ ಶಕ್ತಿಯಾಗಲೀ ಜಾಗವಾಗಲೀ ನನಗಿರಲಿಲ್ಲ.

ಮಾರಾಟದ ಮೊದಲ ವಾರಗಳು ಬೇಸರ ತಂದವು. ಆನ್‌ಲೈನಿನಲ್ಲಿ ಕಾರು ಕೊಳ್ಳುವ ಒಂದು ಸಂಸ್ಥೆ ವರ್ಷ ಮತ್ತು ಮೈಲಿ ಎರಡನ್ನೇ ಕೇಳಿ 2,900 ಡಾಲರ್ ಎಂದಿತು. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ತೋರಿಸಲು ಅವರ ಪುಟದಲ್ಲಿ ಜಾಗವೇ ಇರಲಿಲ್ಲ. ಮನೆಗೆ ಬಂದವರಲ್ಲಿ ಹೆಚ್ಚಿನವರು ಹುಡುಗರು. ಆ ಕಾಲದ ಟೊಯೊಟಾ ಸುಪ್ರಾ ಎಂಬ ಸ್ಪೋರ್ಟ್ಸ್ ಕಾರು ಇದರ ಹತ್ತಿರದ ಬಂಧು, ಇದರದೇ ಇನ್ನೊಂದು ಮಾದರಿಯಾದ ಎಸ್‌ಸಿ 300ರಲ್ಲಿದ್ದದ್ದು ಸುಪ್ರಾದ ಆರು ಸಿಲಿಂಡರಿನ ಎಂಜಿನ್ ವಂಶವೇ. ಹಾಗಾಗಿ ಇದರ ವಿ8 ಕಿತ್ತು ಆ ಎಂಜಿನ್ನನ್ನೂ ಕೈಗೇರನ್ನೂ ಕೂರಿಸುವುದು, ಒಳಗಿನ ತೊಗಲಿನ ಸೀಟುಗಳನ್ನು ಮಾರಿಬಿಡುವುದು ಅವರ ಯೋಜನೆ. ದುಡ್ಡು ಕೊಟ್ಟವರ ಇಷ್ಟ ಎಂಬುದು ನಿಜ. ಆದರೂ ಒಬ್ಬ ಹುಡುಗ ನನ್ನೆದುರಿಗೇ ಸೀಟಿನ ಬೋಲ್ಟುಗಳನ್ನು ಎಣಿಸಿದಾಗ ನಾನು ವ್ಯಾಪಾರ ನಿಲ್ಲಿಸಿದೆ. ಇದರಿಂದ ನನಗೆ ಸಾವಿರ ಡಾಲರ್ ನಷ್ಟವಾಯಿತು, ಪಶ್ಚಾತ್ತಾಪವಿಲ್ಲ.

ಕೊನೆಗೆ ಬಂದವರು ನಿವೃತ್ತ ಮಹಿಳೆ. ಬಂದವರೇ ಬಾಗಿಲನ್ನು ಮೂರು ನಾಲ್ಕು ಸಲ ತೆರೆದು ಮುಚ್ಚಿ ಸದ್ದು ಕೇಳಿದರು. ಬಿಲ್ಲುಗಳ ಕಡತವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಒಂದು ಗಂಟೆ ಓದಿ, ಎರಡು ಆಲ್ಟರ್ನೇಟರ್ ಏಕೆ ಎಂದು ಕೇಳಿದರು. ನಾನು ರಟ್ಟನ್ನು ತಂದು ತೋರಿಸಿದೆ. ಎಸಿಯ ಪರದೆಯಲ್ಲಿ ಮಸಿ ಹರಡಿದಂತೆ ಕಪ್ಪು ಕಲೆ ಮೂಡಿ ಅಂಕಿಗಳು ಅರ್ಧ ಕಾಣಿಸುವುದಿಲ್ಲ ಎಂಬುದನ್ನೂ ನಾನಾಗಿಯೇ ಹೇಳಿದೆ. ಅದಕ್ಕೆ 400 ಡಾಲರ್ ಇಳಿಸಿಕೊಂಡರು. 7,100ಕ್ಕೆ ಮಾತು ಮುಗಿಯಿತು.

ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆ ಮಾಡಿಸಿಕೊಡುವುದು ಮಾರುವವರ ಹೊಣೆ, ಆ ಪ್ರಮಾಣಪತ್ರ ತೊಂಬತ್ತು ದಿನ ನಡೆಯುತ್ತದೆ. 1999 ಮತ್ತು ಅದಕ್ಕೂ ಹಳೆಯ ಕಾರುಗಳನ್ನು ನಮ್ಮ ಕಡೆ ರೋಲರಿನ ಮೇಲೆ ಓಡಿಸಿಯೇ ಅಳೆಯುತ್ತಾರೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ ಎಂದು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿಯೇ ಒಳಗೆ ತೆಗೆದುಕೊಂಡು ಹೋಗಿದ್ದೆ, ಮೊದಲ ಸಲಕ್ಕೇ ಪಾಸಾಯಿತು. ಪಿಂಕ್ ಸ್ಲಿಪ್ಪಿಗೆ, ಅಂದರೆ ಕಾರಿನ ಮಾಲೀಕತ್ವದ ಪತ್ರಕ್ಕೆ, ಸಹಿ ಹಾಕಿದ ಸಂಜೆಯೇ ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ, ಕಾರು ಮಾರಿದ್ದೇನೆ ಎಂದು ತಿಳಿಸುವ ಹೊಣೆಮುಕ್ತಿಯ ಸೂಚನೆ ಸಲ್ಲಿಸಿದೆ. ಐದು ದಿನದ ಗಡುವಿದೆ, ಮರೆತರೆ ಮುಂದಿನ ದಂಡಗಳು ನಮ್ಮ ಹೆಸರಿಗೇ ಬರಬಹುದು. ಹೊರಡುವ ಮುನ್ನ ಆಕೆ ರಟ್ಟನ್ನೂ ಕೇಳಿ ಪಡೆದು, ಎರಡಾಗಿ ಮಡಚಿ ಡಿಕ್ಕಿಯಲ್ಲಿಟ್ಟುಕೊಂಡರು.