400 ವ್ಯಾಟಿನ ಸೋಲಾರ್ ಸೆಟ್: ವರ್ಷಗಟ್ಟಲೆ ಬಳಸಿದ ಮೇಲಿನ ಲೆಕ್ಕ

200 ವ್ಯಾಟಿನ ಎರಡು ಮೋನೋ ಪ್ಯಾನೆಲ್, 100 ವೋಲ್ಟ್ 30 ಆಂಪಿಯರಿನ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲಿನ ಹೆಚ್ಚಿನ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಚಾರ್ಜ್ ಮಾಡುವ ಪೆಟ್ಟಿಗೆ), 12.8 ವೋಲ್ಟ್ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಫಾಸ್ಫೇಟ್ ಬ್ಯಾಟರಿ, 1000 ವ್ಯಾಟಿನ ಪ್ಯೂರ್ ಸೈನ್ ಇನ್ವರ್ಟರ್. ಚಿಕ್ಕ ಮನೆಗೂ ಕ್ಯಾಂಪರ್ ವ್ಯಾನಿಗೂ ಹೊಂದುವ ಅಳತೆ ಇದು. ಪ್ಯಾನೆಲ್ ಬಗ್ಗೆ ದೂರಿಲ್ಲ. ಕೈಕೊಡುವುದೆಲ್ಲ ಅದರ ಕೆಳಗಿನದು: ವೈರು, ಲಗ್ಗು (ಕೇಬಲಿನ ತುದಿಗೆ ಕೂರಿಸುವ ಲೋಹದ ಕಿವಿ), ಫ್ಯೂಸು.

ಕೊಳ್ಳುವ ಮೊದಲು ದಿನದ ಖರ್ಚು ಬರೆದಿಡಿ. 7 ವ್ಯಾಟಿನ ನಾಲ್ಕು ದೀಪ 5 ಗಂಟೆ ಉರಿದರೆ 140 ವ್ಯಾಟ್-ಅವರ್. 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ 10 ಗಂಟೆಗೆ 280. ರೌಟರ್ 10 ವ್ಯಾಟೇ ಆದರೂ ಹಗಲಿರುಳು ಸೇರಿ 240. ಲ್ಯಾಪ್‌ಟಾಪ್, ಮೊಬೈಲ್ 150. ಒಟ್ಟು 810. ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 12 ವ್ಯಾಟ್ ತಿನ್ನುತ್ತದೆ, ದಿನಕ್ಕೆ 288. ಅಲ್ಲಿಗೆ ಸುಮಾರು 1100. ಬ್ಯಾಟರಿಯಲ್ಲಿರುವುದು 1280, ಅದರಲ್ಲಿ ಶೇ. 90 ಬಳಸಿದರೆ 1150. ಒಳ್ಳೆಯ ಬಿಸಿಲಿನ 4 ಗಂಟೆಗೆ 400 ವ್ಯಾಟಿನ ಶೇ. 70 ಹಿಡಿದರೆ ಬರುವುದು 1120. ಅಂದರೆ ಮೋಡದ ದಿನಕ್ಕೆ ಏನೂ ಉಳಿಯದು. ರೌಟರ್, ದೀಪ, ಮೊಬೈಲ್ ಚಾರ್ಜರ್‌ಗಳನ್ನು ನೇರ ಡಿಸಿಗೆ ಹಾಕಿ ಇನ್ವರ್ಟರನ್ನು ಬೇಕಾದಾಗ ಮಾತ್ರ ಆನ್ ಮಾಡಿದರೆ ಆ 288ರ ಬಹುಭಾಗ ಉಳಿಯುತ್ತದೆ. ಮೂರನೇ ಪ್ಯಾನೆಲ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದೇ.

ವೈರಿನ ವಿಷಯಕ್ಕೆ ಬಂದರೆ, ಹೆಚ್ಚಿನವರು ಕಂಟ್ರೋಲರನ್ನು ಪ್ಯಾನೆಲ್ ಹತ್ತಿರ ಇಟ್ಟು ಬ್ಯಾಟರಿಗೆ ಉದ್ದ ವೈರು ಎಳೆಯುತ್ತಾರೆ. 4 ಸ್ಕ್ವೇರ್ ಎಂಎಂ ವೈರಿನಲ್ಲಿ 5 ಮೀಟರ್ ದೂರಕ್ಕೆ 30 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ 1.4 ವೋಲ್ಟ್ ಬಿದ್ದುಹೋಗುತ್ತದೆ. ನಷ್ಟಕ್ಕಿಂತ ಕೆಟ್ಟದ್ದೆಂದರೆ, ಕಂಟ್ರೋಲರಿಗೆ ತನ್ನ ತುದಿಯಲ್ಲಿ 14.4 ಕಾಣುತ್ತದೆ, ಬ್ಯಾಟರಿಗೆ ಮುಟ್ಟಿರುವುದು 13. ಬ್ಯಾಟರಿ ತುಂಬಿತೆಂದು ತಿಳಿದು ಅದು ಹೊತ್ತಿಗೆ ಮುಂಚೆಯೇ ಕರೆಂಟು ತಗ್ಗಿಸುತ್ತದೆ. ಕಂಟ್ರೋಲರ್ ಬ್ಯಾಟರಿಯಿಂದ ಒಂದು ಮೀಟರ್ ಒಳಗಿರಲಿ, ಮಧ್ಯೆ 10 ಸ್ಕ್ವೇರ್ ಎಂಎಂ ವೈರು. ಉದ್ದವೆಲ್ಲ ಪ್ಯಾನೆಲ್ ಕಡೆಗಿರಲಿ: ಎರಡು ಪ್ಯಾನೆಲನ್ನೂ ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) ಮಾಡಿದರೆ ಅಲ್ಲಿ 40 ವೋಲ್ಟ್, 10 ಆಂಪಿಯರ್ ಮಾತ್ರ, ಅದೇ 4 ಸ್ಕ್ವೇರ್ ಎಂಎಂ ವೈರಿನಲ್ಲಿ ನಷ್ಟ ಅರ್ಧ ವೋಲ್ಟ್.

ಕ್ಯಾಂಪರಿನ ಮಾತು ಬೇರೆ. ಛಾವಣಿಯ ಫ್ಯಾನ್ ಅಥವಾ ಪೆಟ್ಟಿಗೆಯ ನೆರಳು ಒಂದು ಪ್ಯಾನೆಲಿನ ಮೇಲೆ ಸದಾ ಬೀಳುವಂತಿದ್ದರೆ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಮಾಡಿ, 6 ಸ್ಕ್ವೇರ್ ಎಂಎಂ ವೈರು ಹಾಕಿ. ಪ್ಯಾನೆಲಿನ ಕೆಳಗೆ ಗಾಳಿಯಾಡಲು ಎರಡು ಮೂರು ಸೆಂಟಿಮೀಟರ್ ಬಿಡಿ. ಸೆಲ್ ಬಿಸಿ 25 ಡಿಗ್ರಿ ದಾಟಿದಂತೆ ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಶಕ್ತಿ ಕುಸಿಯುತ್ತದೆ.

ಪಿಡಬ್ಲ್ಯೂಎಂ ಕಂಟ್ರೋಲರ್ (ವೋಲ್ಟ್ ಬದಲಿಸದೆ ಪ್ಯಾನೆಲನ್ನು ನೇರ ಬ್ಯಾಟರಿಗೆ ಸೇರಿಸುವ ಬಗೆ) ಈ ಸೆಟ್ಟಿಗೆ ಬೇಡವೇ ಬೇಡ. 20 ವೋಲ್ಟ್, 10 ಆಂಪಿಯರಿನ ಪ್ಯಾನೆಲನ್ನು ಅದು ಬ್ಯಾಟರಿಯ 13 ವೋಲ್ಟಿಗೆ ಎಳೆದು 200 ವ್ಯಾಟಿನಲ್ಲಿ 130 ಮಾತ್ರ ಕೊಡುತ್ತದೆ.

ಇನ್ವರ್ಟರ್ ಪೂರ್ಣ ಲೋಡಿನಲ್ಲಿ 90 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. 35 ಸ್ಕ್ವೇರ್ ಎಂಎಂ ಕೇಬಲ್, ಗಿಡ್ಡದಾದಷ್ಟೂ ಒಳ್ಳೆಯದು, ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಫ್ಯೂಸು. ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಕೆಲವು ತಿಂಗಳಲ್ಲಿ ಕಪ್ಪಾಗುತ್ತದೆ. ಲಗ್ಗನ್ನು ಒತ್ತಿ ಕೂರಿಸುವ ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗಾದರೂ ತನ್ನಿ. ಪ್ಯಾನೆಲ್ ವೈರುಗಳನ್ನು ಸೇರಿಸುವ ಎಂಸಿ4 ಕನೆಕ್ಟರಿನಲ್ಲಿ ಒಂದು ಕಂಪನಿಯ ಗಂಡು, ಇನ್ನೊಂದರ ಹೆಣ್ಣು ಸೇರಿಸಬೇಡಿ. ಕೂತಂತೆ ಕಂಡರೂ ಒಳಗೆ ಸಡಿಲವಿದ್ದು ಸುಟ್ಟುಹೋಗುತ್ತದೆ.

ಬ್ಯಾಟರಿ 0 ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಆಗಕೂಡದು. ಹಾಗಾದರೆ ಒಳಗೆ ಲೋಹದ ಪದರ ಕಟ್ಟಿ ಶಾಶ್ವತವಾಗಿ ಕೆಡುತ್ತದೆ. ಬಿಎಂಎಸ್‌ನಲ್ಲಿ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಈ ಕಟ್-ಆಫ್ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಆರು ತಿಂಗಳಿಗೊಮ್ಮೆ ಎಲ್ಲ ಸ್ಕ್ರೂ ಬಿಗಿ ನೋಡಿ, ಚಲಿಸುವ ವ್ಯಾನಿನಲ್ಲಿ ತಿಂಗಳಿಗೊಮ್ಮೆ.